ಗುದ್ದಲಿ ಪೂಜೆಯೋ, ಗುದ್ದಲಿ ಕಾಯಕವೋ?

ದಾವಣಗೆರೆ, ಹರಿಹರದ ಸುದ್ದಿಗಳಲ್ಲಿ ಗುದ್ದಲಿ ಎಂಬ ಪದ ಒಂಟಿಯಾಗಿ ಕಾಣುವುದೇ ಅಪರೂಪ. ಬೆನ್ನಿಗೆ ‘ಪೂಜೆ’ ಇರಲೇಬೇಕು. ರಸ್ತೆಗೆ ಗುದ್ದಲಿ ಪೂಜೆ, ಚರಂಡಿಗೆ ಗುದ್ದಲಿ ಪೂಜೆ, ಸಮುದಾಯ ಭವನಕ್ಕೆ ಗುದ್ದಲಿ ಪೂಜೆ. ನೆಲ ಅಗೆಯುವ ಸಾಧನದ ಹೆಸರು ಸಮಾರಂಭದ ಹೆಸರಾಗಿಬಿಟ್ಟಿದೆ.

ದುಡಿಯುವವರ ಬಾಯಲ್ಲಿ ಹೀಗಿಲ್ಲ. ಅಗೆಯಲು ಗುದ್ದಲಿ, ಗಟ್ಟಿ ನೆಲಕ್ಕೆ ಪಿಕಾಸಿ, ಕಲ್ಲು ಮೀಟಲು ಹಾರೆ, ಸಡಿಲ ಮಣ್ಣು ತುಂಬಲು ಸಲಿಕೆ. ಎಂಜಿನಿಯರನಾಗಿ ನಾನು ಕಂಡ ಗುದ್ದಲಿಯ ಲೆಕ್ಕವೂ ಸರಳ: ಅಗೆದ ಗುಂಡಿಯ ನಡುವೆ ಅಲ್ಲಲ್ಲಿ ಮಣ್ಣಿನ ದಿಂಡು ಹಾಗೇ ಬಿಡುತ್ತಿದ್ದರು. ಅದರ ಎತ್ತರ ಅಳೆದರೆ ಅಗೆದ ಆಳ ಸಿಕ್ಕಿತು. ಘನ ಮೀಟರ್ ಲೆಕ್ಕ ಅಳತೆ ಪುಸ್ತಕಕ್ಕೆ ಏರಿತು. ಮೆದು ಮಣ್ಣಿಗೊಂದು ದರ, ಗರಸಿಗೆ ಇನ್ನೊಂದು. ಮುಹೂರ್ತವೂ ನೆಲದ್ದೇ. ಭದ್ರಾ ನಾಲೆಯಲ್ಲಿ ನೀರು ನಿಂತ ದಿನಗಳೇ ನಾಲೆ ದುರಸ್ತಿಗೆ ಶುಭದಿನ. ನಮ್ಮ ಎರೆಮಣ್ಣು ಮಳೆಯಲ್ಲಿ ಗುದ್ದಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕಲ್ಲಾಗುತ್ತದೆ. ರಾಹುಕಾಲ ಅದಕ್ಕೆ ಗೊತ್ತಿಲ್ಲ.

ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ ಸಿದ್ಧರಾಮರು ಕೆರೆ ಕಟ್ಟಿಸಿದ ಶರಣರು. ಅಲ್ಲಮಪ್ರಭು ಅಲ್ಲಿಗೆ ಬಂದು ಅವರನ್ನು ‘ಒಡ್ಡ’ ಎಂದು ಕರೆದಾಗ, ಕೆರೆಯ ಕೆಲಸದಲ್ಲಿದ್ದ ಶಿಷ್ಯರು ಸಿಟ್ಟಾಗಿ ಕಲ್ಲು ಎಸೆದರೆಂದು ಶೂನ್ಯಸಂಪಾದನೆಯಲ್ಲಿದೆ. ಪ್ರವಚನಗಳಲ್ಲಿ ನಾವು ಪ್ರಭುವಿನ ಜ್ಞಾನಕ್ಕೆ ತಲೆದೂಗುತ್ತೇವೆ. ನನ್ನನ್ನು ಕಾಡುವುದು ಶಿಷ್ಯರ ಸಿಟ್ಟು. ಕೈಯಲ್ಲಿ ಮಣ್ಣು ಕಲ್ಲು ಹಿಡಿದವರಿಗೇ ಮಣ್ಣು ಕಲ್ಲಿನ ಕಾಯಕದವರ ಹೆಸರು ಬೈಗುಳವಾಗಿ ಕೇಳಿಸಿತಲ್ಲ! ಇಂದೂ ಅದು ಬೈಗುಳವೇ. ಭೋವಿ ಸಮಾಜದವರು ಸಿದ್ಧರಾಮರನ್ನು ಗುರುವೆಂದು ನಂಬಿ ಪ್ರತಿ ಸಂಕ್ರಾಂತಿಯ ಹೊತ್ತಿಗೆ ಜಯಂತಿ ಮಾಡುತ್ತಾರೆ. ಸಿದ್ಧರಾಮರ ವಚನ ಬಾಯಿಪಾಠ ಮಾಡಿದ ನಮ್ಮವರು ಅಲ್ಲಿ ಎಷ್ಟು ಜನ ಕಾಣಿಸುತ್ತಾರೆ?

ಮೃತ್ಯುಂಜಯ ಸ್ವಾಮಿಗಳೂ ಹರ್ಡೇಕರ ಮಂಜಪ್ಪನವರೂ 1913ರಲ್ಲಿ ಸಾರ್ವಜನಿಕ ಬಸವ ಜಯಂತಿಗೆ ನಾಂದಿ ಹಾಡಿದ್ದು ದಾವಣಗೆರೆಯ ವಿರಕ್ತಮಠದಲ್ಲಿ. ಅಂಥ ಊರಿನಲ್ಲೂ ಲಿಂಗಾಯತರು ಕಟ್ಟಡಕ್ಕೆ ಕೈಹಾಕುವಾಗ ಜ್ಯೋತಿಷಿಯನ್ನು ಕೇಳುತ್ತಾರೆ. ಹಿಡಿಗೆ ಹೂ ಸುತ್ತಿದ ಹೊಸ ಗುದ್ದಲಿ, ಗಣ್ಯರ ಮೂರು ಏಟು, ಫೋಟೊ. ಮರುದಿನ ಅಗೆಯಬೇಕಾದವರು ಶಾಮಿಯಾನದ ಆಚೆ ನಿಂತಿರುತ್ತಾರೆ.

ಸಾಧನಕ್ಕೆ ಗೌರವ ತಪ್ಪೇ ಎಂದು ಕೇಳುವವರಿದ್ದಾರೆ. ಗೌರವ ಇರಲಿ, ಬಾಯಿ ಹದ ಮಾಡಿಸಿ, ಹಿಡಿ ಬಿಗಿ ಮಾಡಿದರೆ ಗುದ್ದಲಿಗೆ ಅದೇ ಗೌರವ. ಮಠಗಳ ಆಮಂತ್ರಣದಲ್ಲಿ ‘ಗುದ್ದಲಿ ಪೂಜೆ’ ಬದಲು ‘ಕಾಯಕಾರಂಭ’ ಎಂದು ಅಚ್ಚಾಗಲಿ. ಜೆಸಿಬಿ ಬಂದಿದ್ದರೂ ಮೊದಲ ಏಟು ಕೂಲಿಯವರಲ್ಲಿ ಹಿರಿಯರಾದವರದು. ಅವರ ಕೊರಳಲ್ಲಿ ಇಷ್ಟಲಿಂಗ ಇರಲಿ, ಇಲ್ಲದಿರಲಿ, ಅಂದಿನ ದಾಸೋಹದಲ್ಲಿ ಪೂಜ್ಯರ ಪಂಕ್ತಿಯಲ್ಲೇ ಊಟ. ಅಂದಿನ ಕೂಲಿ ಅಂದೇ ಕೈಗೆ.

ಬರುವ ಸಿದ್ಧರಾಮ ಜಯಂತಿಗೆ ಭೋವಿ ಬಂಧುಗಳನ್ನು ನಮ್ಮ ವೇದಿಕೆಗೆ ಕರೆಯುವ ಬದಲು ನಾವೇ ಅವರ ಕೇರಿಗೆ ಹೋಗೋಣವೆಂದು ನಮ್ಮ ಬಳಗದಲ್ಲಿ ಕೇಳಿದ್ದೇನೆ. ಈವರೆಗೆ ಒಪ್ಪಿದವರು ನಾಲ್ಕು ಜನ.