ಕಾಲೇಜಿನ ಪೂರ್ವಸಿದ್ಧತೆಗೆ ಸರ್ಕಾರದ ಹಣ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷರ ಕಡೆಯಿಂದ 2025ರ ಮೇ ತಿಂಗಳಿನಲ್ಲಿ ಹೊರಬಿದ್ದ ಮುಂಗಡ ಪತ್ರದ ಸೂಚನೆಗಳಲ್ಲಿ, ಬಡ ಕುಟುಂಬಗಳ ಮಕ್ಕಳನ್ನು ಕಾಲೇಜು ವಿದ್ಯಾಭ್ಯಾಸಕ್ಕೆ ಅಣಿಗೊಳಿಸುವ 'ಟ್ರಯೊ' ಯೋಜನೆಗಳ ಅನುದಾನವನ್ನು ಸಂಪೂರ್ಣವಾಗಿ ತೆಗೆದುಹಾಕಬೇಕೆಂಬುದೂ ಒಂದಾಗಿದ್ದಿತು. ಅಧ್ಯಕ್ಷ ಜಾನ್‌ಸನ್ನರು ದಾರಿದ್ರ್ಯದ ಮೇಲೆ ಸಾರಿದ ಯುದ್ಧದ ಅಂಗವಾಗಿ 1964ರಲ್ಲಿ ಮೊದಲಾದ ಈ ಕಾರ್ಯವು ಗತಕಾಲದ ಅವಶೇಷವೆಂದು ಆ ಪತ್ರದಲ್ಲಿ ಹೇಳಲಾಗಿದ್ದಿತು. ಈ ಸೂಚನೆಯ ಗತಿ ಏನೇ ಆಗಲಿ, ಅದರ ಬೆನ್ನ ಹಿಂದಿರುವ ವಾದವು ಬಹಳ ಹಳೆಯದು. ನಮ್ಮ ದೇಶದ ಕಚೇರಿಗಳಲ್ಲಿಯೂ ಅದು ಆಗಾಗ ಕೇಳಿಬರುತ್ತದೆ. ಆದಕಾರಣ ಅದನ್ನು ಇಲ್ಲಿ ಪರಿಶೀಲಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ವಾದವಿಷ್ಟೆ. ಹೈಸ್ಕೂಲಿನಲ್ಲಿ ಕಲಿಸಬೇಕಾದ ಭಾಷೆ ಗಣಿತಗಳಿಗೆಂದು ಪ್ರಜೆಯು ಒಮ್ಮೆ ತೆರಿಗೆ ಕೊಟ್ಟಾಗಿದೆ. ಅದನ್ನೇ ಕಾಲೇಜಿನಲ್ಲಿ ಮತ್ತೆ ಕಲಿಸುವುದಕ್ಕೆ ಅವನು ಎರಡನೆಯ ಸಲ ಏಕೆ ತೆರಬೇಕು? ಕೇಳುವುದಕ್ಕೆ ಇದು ಹಿತವಾಗಿಯೇ ಇದೆ. ಆದರೆ ಶಾಲೆಯು ತನ್ನ ಕೆಲಸವನ್ನು ಮಾಡದಿದ್ದರೆ ದಂಡ ತೆರಬೇಕಾದವರು ಯಾರು? ಅಮೆರಿಕದಲ್ಲಿ ಶಾಲೆಗಳ ಹಣದ ದೊಡ್ಡ ಭಾಗವು ಆಯಾ ಊರಿನ ಮನೆ ಜಮೀನುಗಳ ತೆರಿಗೆಯಿಂದ ಬರುತ್ತದೆ. ಬಡವರ ಕೇರಿಯಲ್ಲಿ ಹುಟ್ಟಿದ ಹುಡುಗನ ಶಾಲೆ ಬಡವಾಗಿದ್ದುದು ಅವನ ಅಪರಾಧವೇ? ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಇಷ್ಟಲ್ಲದೆ, ಈ ವರ್ಗಗಳಲ್ಲಿ ಕುಳಿತವರೆಲ್ಲರೂ ನಿನ್ನೆ ಶಾಲೆ ಬಿಟ್ಟು ಬಂದ ಹುಡುಗರಲ್ಲ. ಹತ್ತಾರು ವರ್ಷ ಕೂಲಿನಾಲಿ ಮಾಡಿ ಮರಳಿ ಪುಸ್ತಕ ಹಿಡಿದವರೂ, ಪರದೇಶದಿಂದ ಬಂದು ನೆಲೆಸಿದವರೂ ಅವರಲ್ಲಿ ಅನೇಕರು.

ಇಂತಹವರಿಗಾಗಿಯೇ ಅಲ್ಲಿ ಕಮ್ಯೂನಿಟಿ ಕಾಲೇಜುಗಳೆಂಬ ಎರಡು ವರ್ಷದ ವಿದ್ಯಾಲಯಗಳಿವೆ. ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಪಟ್ಟಣದಲ್ಲಿ 1901ರಲ್ಲಿ ಇವುಗಳ ಮೂಲಬೀಜ ಬಿದ್ದಿತು. ಅಧ್ಯಕ್ಷ ಟ್ರೂಮನ್ನರು ನೇಮಿಸಿದ್ದ ಆಯೋಗವು 1947ರಲ್ಲಿ ಈ ಹೆಸರನ್ನು ಪ್ರಚುರಪಡಿಸಿ, ದೇಶದಲ್ಲೆಲ್ಲ ಇವು ಹಬ್ಬಬೇಕೆಂದು ಶಿಫಾರಸು ಮಾಡಿತು. ಬಂದವರಿಗೆ ಬಾಗಿಲು ಮುಚ್ಚದಿರುವುದೇ ಇವುಗಳ ವ್ರತ. ಬಾಗಿಲು ತೆರೆದಿಟ್ಟವರು ಒಳಗೆ ಬರುವುದಕ್ಕೆ ಮೆಟ್ಟಿಲನ್ನೂ ಕಟ್ಟಬೇಕಷ್ಟೆ. ಆ ಮೆಟ್ಟಿಲೇ ಪೂರ್ವಸಿದ್ಧತಾ ವರ್ಗ. ನ್ಯೂಯಾರ್ಕ್ ನಗರದ ವಿಶ್ವವಿದ್ಯಾನಿಲಯವು 1970ರಲ್ಲಿ ನಗರದ ಹೈಸ್ಕೂಲು ಮುಗಿಸಿದ ಎಲ್ಲರಿಗೂ ಪ್ರವೇಶವಿತ್ತಿತು. 1976ರಲ್ಲಿ ಹಣದ ಮುಗ್ಗಟ್ಟಿನಿಂದ ಫೀಜು ವಿಧಿಸಿತು. 1999ರಲ್ಲಿ ನಾಲ್ಕು ವರ್ಷದ ಕಾಲೇಜುಗಳಿಂದ ಈ ವರ್ಗಗಳನ್ನು ತೆಗೆಯಲು ನಿರ್ಣಯಿಸಿ ಭಾರವನ್ನೆಲ್ಲ ಕಮ್ಯೂನಿಟಿ ಕಾಲೇಜುಗಳ ಹೆಗಲಿಗೆ ದಾಟಿಸಿತು.

ಟೀಕಾಕಾರರ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳೆವು. ಪದವಿಯ ಲೆಕ್ಕಕ್ಕೆ ಸೇರದ ವರ್ಗಗಳನ್ನು ಒಂದರ ಮೇಲೊಂದರಂತೆ ಎರಡು ಮೂರು ಹಂತ ಪೇರಿಸಿ, ಅವನ್ನು ಹತ್ತಿ ಬಂದ ಹೊರತು ನಿಜವಾದ ಪಾಠವಿಲ್ಲವೆಂದು ವಿಧಿಸಿದ್ದು ದೊಡ್ಡ ತಪ್ಪು. ಗಣಿತದಲ್ಲಿ ಇಂತಹ ಏಣಿಯ ಬುಡಕ್ಕೆ ಕಳುಹಿಸಲ್ಪಟ್ಟವರಲ್ಲಿ ಸುಮಾರು ಮೂರರಲ್ಲೊಂದು ಪಾಲಿನವರು ಮಾತ್ರ ಅದರ ತುದಿ ಮುಟ್ಟಿದರೆಂದು ಕೊಲಂಬಿಯ ವಿಶ್ವವಿದ್ಯಾನಿಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದರು. ಬಡ ವಿದ್ಯಾರ್ಥಿಗಳಿಗೆ ದೊರೆಯುವ ಪೆಲ್ ಧನಸಹಾಯವಾದರೋ ಇಂತಹ ವರ್ಗಗಳಿಗೆ 30 ಕ್ರೆಡಿಟ್ ಗಂಟೆಗಳವರೆಗೆ, ಎಂದರೆ ಸುಮಾರು ಒಂದು ವರ್ಷದ ಮಟ್ಟಿಗೆ, ಮಾತ್ರ ಸಲ್ಲುತ್ತದೆ.

ಇದಕ್ಕೆ ಮದ್ದು ಹಣವನ್ನು ಕಡಿಯುವುದೇ? ಅದೇ ನ್ಯೂಯಾರ್ಕಿನವರು 2007ರಲ್ಲಿ 'ಅಸಾಪ್' ಎಂಬ ಕ್ರಮವನ್ನು ಆರಂಭಿಸಿದರು. ವಿದ್ಯಾರ್ಥಿಯು ಪೂರ್ಣಕಾಲ ಓದಬೇಕು, ಪೂರ್ವಸಿದ್ಧತೆಯನ್ನು ಮೊದಲಲ್ಲಿಯೇ ಮುಗಿಸಬೇಕು, ತನ್ನ ಸಲಹೆಗಾರರನ್ನು ತಪ್ಪದೆ ಕಾಣಬೇಕು. ಕಾಲೇಜಿನವರು ಫೀಜಿನಲ್ಲಿ ಕಡಿಮೆ ಬಿದ್ದುದನ್ನು ತುಂಬಿ, ರೈಲು ಬಸ್ಸುಗಳ ಪಾಸನ್ನೂ ಪಠ್ಯಪುಸ್ತಕಗಳನ್ನೂ ಒದಗಿಸಬೇಕು. ಪೂರ್ವಸಿದ್ಧತೆ ಅಗತ್ಯವಾಗಿದ್ದವರನ್ನೇ ಆರಿಸಿ, ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ ಪರೀಕ್ಷಿಸಿದ ಫಲವು 2015ರಲ್ಲಿ ಹೊರಬಂದಿತು. ಮೂರು ವರ್ಷಗಳಲ್ಲಿ ಪದವಿ ಮುಗಿಸಿದವರು ಈ ಕ್ರಮದಲ್ಲಿದ್ದವರಲ್ಲಿ ನೂರಕ್ಕೆ 40, ಇಲ್ಲದವರಲ್ಲಿ 22. ತಲೆಯೊಂದಕ್ಕೆ ವೆಚ್ಚವು ನೂರಕ್ಕೆ 60ರಷ್ಟು ಹೆಚ್ಚಾದರೂ, ಪದವಿ ಪಡೆದವನೊಬ್ಬನಿಗೆ ತಗಲಿದ ವೆಚ್ಚ ಕಡಿಮೆಯೇ ಆಯಿತು. ಒಹೈಯೋ ಸಂಸ್ಥಾನದ ಮೂರು ಕಾಲೇಜುಗಳಲ್ಲಿ ಇದೇ ಮಾದರಿಯನ್ನು ಅನುಸರಿಸಿದಾಗಲೂ ಪದವೀಧರರ ಸಂಖ್ಯೆ ಇದೇ ರೀತಿ ಏರಿತು. ಜಿಪುಣತನವೇ ದುಂದುವೆಚ್ಚವಾಗುವುದನ್ನು ನಮ್ಮ ಲೆಕ್ಕಪತ್ರ ಇಲಾಖೆಯ ಮಹನೀಯರು ಇಲ್ಲಿ ಅಂಕಿಗಳಲ್ಲಿಯೇ ನೋಡಬಹುದು.

ಕ್ಯಾಲಿಫೋರ್ನಿಯಾದವರು 2017ರ ಶಾಸನದಿಂದ ಏಣಿಯನ್ನೇ ಬಹುಮಟ್ಟಿಗೆ ತೆಗೆದು, ವಿದ್ಯಾರ್ಥಿಯನ್ನು ನೇರವಾಗಿ ಕಾಲೇಜು ಪಾಠಕ್ಕೆ ಕೂರಿಸಿ ಜೊತೆಜೊತೆಗೇ ಆಸರೆಯ ಬೋಧನೆ ಕೊಡುವ ಪದ್ಧತಿಗೆ ತಿರುಗಿದ್ದಾರೆ. ಇದು ಸರಿಯಾದ ದಾರಿಯೆಂದೇ ನಮ್ಮ ಮತ. ಆದರೆ ಆಸರೆಗೆ ಉಪಾಧ್ಯಾಯರು ಬೇಕು, ಉಪಾಧ್ಯಾಯರಿಗೆ ಸಂಬಳ ಬೇಕು. ಏಣಿ ಹೋಯಿತೆಂದು ಅದರ ಹಣವನ್ನೂ ಬೊಕ್ಕಸಕ್ಕೆ ಮರಳಿಸಿಕೊಂಡರೆ ಬಡವನಿಗೆ ಉಳಿಯುವುದು ಗೋಡೆ ಮಾತ್ರ.

ಇನ್ನು ನಮ್ಮ ಮಾತು. ವಿಶ್ವವಿದ್ಯಾನಿಲಯ ಅನುದಾನ ಆಯೋಗದವರು 2013-14ರಲ್ಲಿ ನಮ್ಮ ದೇಶಕ್ಕೂ ಕಮ್ಯೂನಿಟಿ ಕಾಲೇಜುಗಳ ಯೋಜನೆಯೊಂದನ್ನು ತಂದರು. ಅದಕ್ಕೂ ಮೊದಲು, 11ನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, ಪರಿಶಿಷ್ಟ ಜಾತಿ ಪಂಗಡಗಳೇ ಮೊದಲಾದ ವರ್ಗಗಳ ವಿದ್ಯಾರ್ಥಿಗಳಿಗೆ ಪರಿಹಾರ ಬೋಧನೆ ಕೊಡಲು ಹಣವನ್ನೂ ಇತ್ತಿದ್ದರು. ಹಳ್ಳಿಯಲ್ಲಿ ಕನ್ನಡದಲ್ಲಿಯೇ ಗಣಿತ ವಿಜ್ಞಾನಗಳನ್ನು ಕಲಿತು, ಇಂಗ್ಲಿಷಿನ ಪಾಠಕ್ಕೆ ಬಂದು ಕುಳಿತ ಹುಡುಗನ ಕಷ್ಟವನ್ನು ಬಲ್ಲ ಉಪಾಧ್ಯಾಯರು ಕರ್ನಾಟಕದ ಪ್ರತಿಯೊಂದು ಸರ್ಕಾರಿ ಕಾಲೇಜಿನಲ್ಲಿಯೂ ಸಿಕ್ಕುವರು. ಬುದ್ಧಿಯಿದ್ದೂ ಮಾತು ತಿಳಿಯದೆ ಮೊದಲ ವರ್ಷದಲ್ಲಿಯೇ ಊರಿಗೆ ಮರಳುವವನಿಗಾಗಿ ಮಾಡುವ ವೆಚ್ಚವನ್ನು, ವರ್ಷವರ್ಷವೂ ಮಂಜೂರಾತಿಗಾಗಿ ಕೈಯೊಡ್ಡುವ ತಾತ್ಕಾಲಿಕ ಬಾಬಿನಲ್ಲಿ ಇಡಕೂಡದು. ಅದು ಉಪಾಧ್ಯಾಯರ ಸಂಬಳದಂತೆಯೇ ಕಾಲೇಜಿನ ಖಾಯಂ ಖರ್ಚಿನಲ್ಲಿ ಸೇರಬೇಕು. ಮತ್ತು ಇಲಾಖೆಯವರು ವಾರ್ಷಿಕ ವರದಿಯಲ್ಲಿ ಸೇರಿದವರೆಷ್ಟು ಎಂಬುದರ ಪಕ್ಕದಲ್ಲಿಯೇ ಮುಗಿಸಿದವರೆಷ್ಟು, ಮುಗಿಸಿದ ತಲೆಗೆ ತಗಲಿದ್ದೆಷ್ಟು ಎಂಬುದನ್ನೂ ಅಚ್ಚು ಹಾಕಿಸಬೇಕು. ವಿಧಾನಮಂಡಲದ ಸದಸ್ಯರು ಮುಂಗಡ ಪತ್ರದ ಚರ್ಚೆಯಲ್ಲಿ ಈ ಎರಡು ಅಂಕಿಗಳನ್ನು ಕೇಳಿ ಪಡೆಯಬೇಕೆಂದು ನಾವು ಆಗ್ರಹಪಡಿಸುತ್ತೇವೆ.