ಕಪ್ಪು ಕಾರಿನ ಮೈಮೇಲಣ ಸುಳಿಗೀರುಗಳು

ವಸಂತ್ ಕುಂಜ್ ಬಡಾವಣೆಯಲ್ಲಿ ವಾಸವಾಗಿರುವ ನಮ್ಮ ವಾಚಕರೊಬ್ಬರು ಕಳೆದ ವಾರ ನಮಗೊಂದು ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ಕೇಂದ್ರ ಸರ್ಕಾರದ ಸೇವೆಯಿಂದ ನಿವೃತ್ತರಾದ ಈ ಮಹನೀಯರು ಮೂರು ವರ್ಷಗಳ ಹಿಂದೆ ತಮ್ಮ ಉಳಿತಾಯದ ಹಣದಿಂದ ಕಪ್ಪು ಬಣ್ಣದ ಕಾರೊಂದನ್ನು ಕೊಂಡರು. ಮನೆಗೆ ಬಂದ ದಿನ ಅದರ ಬಾಗಿಲಿನಲ್ಲಿ ಮೊಮ್ಮಗಳು ತನ್ನ ಮುಖವನ್ನು ನೋಡಿಕೊಂಡು ಜಡೆಯನ್ನು ಸರಿಪಡಿಸಿಕೊಂಡಳಂತೆ. ಕಳೆದ ನವೆಂಬರ್ 1ರಂದು ರಾಜ್ಯೋತ್ಸವಕ್ಕೆಂದು ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘಕ್ಕೆ ಹೋದವರು ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ ಹಿಂದಿರುಗಿ ನೋಡುತ್ತಾರೆ: ಮುಂಭಾಗದ ಮುಚ್ಚಳದ ಮೇಲೆ ಸೂರ್ಯನ ಪ್ರತಿಬಿಂಬವನ್ನು ಸುತ್ತುವರಿದು ಜೇಡರ ಬಲೆಯಂತೆ ಸಾವಿರಾರು ಸಣ್ಣ ಗೀರುಗಳು! ಕಾರಿಗೆ ಯಾರೂ ಡಿಕ್ಕಿ ಹೊಡೆದಿಲ್ಲ, ಮಕ್ಕಳು ಗೀಚಿಲ್ಲ. ಪ್ರತಿದಿನವೂ ಒರೆಸಿದ ಕಾರು ಅದು.

ಪತ್ರದಲ್ಲಿ ಪ್ರಶ್ನೆಗಳು ಎರಡು. ಈ ಸುಳಿಗೀರುಗಳನ್ನು ಹೋಗಲಾಡಿಸಿ ಮೊದಲಿನ ಮೆರುಗನ್ನು ತರುವುದು ಹೇಗೆ ಎಂಬುದು ಮೊದಲನೆಯದು. ಎರಡನೆಯದು ನಮಗೆ ಹೆಚ್ಚು ಮುಖ್ಯವೆಂದು ತೋರಿತು. ಇವರ ಅಂಗಳದ ನಿವಾಸಿಗಳ ಸಂಘವು ಬೆಳಗಿನ ಜಾವ ಕಾರುಗಳನ್ನು ಒರೆಸುವ ಯುವಕನೇ ಇದಕ್ಕೆ ಕಾರಣನೆಂದು ತೀರ್ಮಾನಿಸಿ, ಅವನನ್ನು ತೆಗೆದುಹಾಕುವ ಆಲೋಚನೆಯಲ್ಲಿದೆ. ಪತ್ರ ಬರೆದವರು ಆ ಸಂಘದ ಸಮಿತಿಯ ಸದಸ್ಯರು. ಮುಂದಿನ ಸಭೆಯಲ್ಲಿ ಕೈ ಎತ್ತಬೇಕಾದವರು. ಹೀಗಾಗಿ ನಾವು ಒಂದು ಮುಂಜಾನೆ ಸ್ವತಃ ಅಲ್ಲಿಗೆ ಹೋಗಿ ಬಂದೆವು.

ಮೊದಲು ಕಾರಣದ ವಿಚಾರ. ಇಂದಿನ ಕಾರುಗಳಿಗೆ ಬಣ್ಣದ ಮೇಲೆ ಒಂದು ಪಾರದರ್ಶಕವಾದ ಲೇಪವಿರುತ್ತದೆ. ಹೊಳೆಯುವುದು ಬಣ್ಣವಲ್ಲ, ಈ ಲೇಪ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನು. ಎಂದರೆ ತಲೆಗೂದಲಿನ ಎಳೆಗಿಂತಲೂ ತೆಳು. ಅದರ ಮೇಲೆ ಕೂರುವ ದೆಹಲಿಯ ಧೂಳು ಎಂಥದೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ರಾಜಸ್ಥಾನದ ಮರಳುಗಾಡಿನ ಕಡೆಯಿಂದ ಬೀಸುವ ಗಾಳಿ ಅದನ್ನು ಹೊತ್ತು ತರುತ್ತದೆ. ಸಾಲದುದಕ್ಕೆ ವಸಂತ್ ಕುಂಜ್ ನಿಂತಿರುವುದೇ ಅರಾವಳಿಯ ಬಾಲದ ಮಗ್ಗುಲಲ್ಲಿ. ಆ ದಿಬ್ಬದ ಕಲ್ಲು ಬೆಣಚುಕಲ್ಲಿನ ಜಾತಿಯದು, ಮತ್ತು ಆ ಆಸುಪಾಸಿನಲ್ಲಿ ಹಿಂದೆ ಕಲ್ಲುಗಣಿಗಳೂ ಇದ್ದವು. ಖನಿಜಗಳ ಕಾಠಿಣ್ಯವನ್ನು ಅಳೆಯುವ 10 ಅಂಕದ ಮೋಸ್ ಮಾನದಲ್ಲಿ ಬೆಣಚುಕಲ್ಲಿಗೆ 7ನೆಯ ಸ್ಥಾನ. ಗಾಜನ್ನೇ ಗೀರಬಲ್ಲ ಈ ಕಣಗಳನ್ನು ಮೆತ್ತನೆಯ ಲೇಪದ ಮೇಲಿಟ್ಟು, ಮೇಲೊಂದು ಬಟ್ಟೆಯನ್ನಿಟ್ಟು, ಕೈಯಿಂದ ಒತ್ತಿ ಸುತ್ತಿದರೆ ಅದಕ್ಕೆ ಒರೆಸುವುದೆಂಬ ಹೆಸರು ಸಲ್ಲದು. ಅದು ಸಾಣೆ ಹಿಡಿಯುವುದು.

ಗೀರುಗಳು ವೃತ್ತಾಕಾರದಲ್ಲಿ ಕಾಣುವುದೇಕೆಂಬುದೂ ಸ್ವಾರಸ್ಯವಾದ ಸಂಗತಿ. ವಾಸ್ತವದಲ್ಲಿ ಅವು ಎಲ್ಲ ದಿಕ್ಕುಗಳಿಗೂ ಹರಡಿರುತ್ತವೆ. ಆದರೆ ಬೆಳಕು ಬರುವ ದಿಕ್ಕಿಗೆ ಅಡ್ಡವಾಗಿ ಬಿದ್ದಿರುವ ಗೀರುಗಳು ಮಾತ್ರ ಆ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುತ್ತವೆ, ಉಳಿದವು ಅಡಗಿರುತ್ತವೆ. ಆದುದರಿಂದ ಸೂರ್ಯನ ಬಿಂಬದ ಸುತ್ತ ಸುಳಿಯೊಂದು ತೋರುತ್ತದೆ. ವಾಚಕರು ನಾಲ್ಕು ಹೆಜ್ಜೆ ಪಕ್ಕಕ್ಕೆ ನಡೆದು ನೋಡಲಿ, ಸುಳಿಯೂ ಅವರೊಡನೆ ನಡೆದುಬರುತ್ತದೆ. ಮನೆಯ ಹಳೆಯ ಉಕ್ಕಿನ ತಟ್ಟೆಯನ್ನು ದೀಪದ ಕೆಳಗೆ ಹಿಡಿದರೂ ಇದೇ ಆಟ. ಬಿಳಿಯ ಕಾರಿನಲ್ಲಿ ಗೀರುಗಳು ಇಲ್ಲವೆಂದಲ್ಲ. ಬಿಳಿಯ ಬಣ್ಣವು ತಾನೇ ಬೆಳಕನ್ನು ಎಲ್ಲೆಡೆಗೂ ಚೆಲ್ಲುವುದರಿಂದ ಅವು ಅದರಲ್ಲಿ ಮುಳುಗಿಹೋಗುತ್ತವೆ. ಕಪ್ಪು ಬಣ್ಣವು ಬೆಳಕನ್ನು ನುಂಗಿ ಸುಮ್ಮನಿರುತ್ತದೆ. ಆ ಕತ್ತಲೆಯ ಮೇಲೆ ಒಂದು ಗೀರು ಮಿನುಗಿದರೂ ಕಣ್ಣಿಗೆ ಚುಚ್ಚುತ್ತದೆ. ಸರ್ಕಾರಿ ಕಚೇರಿಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಬಿಳಿಯ ಅಂಬಾಸಡರುಗಳನ್ನು ಚಾಲಕರು ದಿನಕ್ಕೆರಡು ಬಾರಿ ಒಣಬಟ್ಟೆಯಿಂದ ಒರೆಸುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ಒರೆಸುವ ಅಭ್ಯಾಸವನ್ನು ದೆಹಲಿ ಅಲ್ಲಿಂದಲೇ ಕಲಿತಿತೋ ಏನೋ.

ಇನ್ನು ಚಿಕಿತ್ಸೆ. ಉಗುರನ್ನು ಗೀರಿನ ಮೇಲೆ ಅಡ್ಡವಾಗಿ ಎಳೆದಾಗ ಉಗುರು ಸಿಕ್ಕಿಕೊಂಡರೆ ಆ ಗೀರು ಆಳವಾದದ್ದು. ಅದು ಮೆರುಗಿನ ಕೆಲಸಕ್ಕೆ ಬಗ್ಗುವುದಿಲ್ಲ. ಸಿಕ್ಕದಿದ್ದರೆ ಹೋಗಲಾಡಿಸಬಹುದು. ಕಾರನ್ನು ಚೆನ್ನಾಗಿ ತೊಳೆದು, ಕಾರಿಗೆಂದೇ ಮಾರುವ ಜೇಡಿಯಂಥ ಮುದ್ದೆಯನ್ನು ಸೋಪಿನ ನೀರಿನ ಜಾರಿಕೆಯಲ್ಲಿ ಆಡಿಸಿ, ಮೈಗೆ ಅಂಟಿರುವ ಕಬ್ಬಿಣದ ಕಣ, ಮರದ ಅಂಟು ಮೊದಲಾದವನ್ನು ಮೊದಲು ತೆಗೆಯಬೇಕು. ಬೆರಳಾಡಿಸಿದರೆ ಗಾಜಿನಂತೆ ನುಣುಪಾಗಿರಬೇಕು. ಅನಂತರ ಮೆರುಗಿನ ಲೇಹವನ್ನು ಸ್ಪಂಜಿನ ಬಿಲ್ಲೆಗೆ ಹಚ್ಚಿ ಯಂತ್ರದಿಂದ ಉಜ್ಜಬೇಕು. ಇಲ್ಲಿ ಯಂತ್ರಗಳಲ್ಲಿ ಭೇದವುಂಟು. ಒಂದೇ ಅಕ್ಷದ ಮೇಲೆ ರಭಸದಿಂದ ತಿರುಗುವ ಯಂತ್ರವು ಬೇಗನೆ ಕೆಲಸ ಮಾಡುತ್ತದೆ. ಅಪ್ರವೀಣರ ಕೈಯಲ್ಲಿ ಬೇಗನೆ ಕೆಡಿಸುತ್ತದೆ. ತಿರುಗುತ್ತಲೇ ಅತ್ತಿತ್ತ ತೊನೆಯುವ ಇನ್ನೊಂದು ಬಗೆಯ ಯಂತ್ರವು ನಿಧಾನವಾದರೂ ಹೊಸಬರಿಗೆ ಕ್ಷೇಮಕರ. ಲೇಹಗಳಲ್ಲಿ ಅತ್ಯಂತ ಮೃದುವಾದದ್ದನ್ನೇ ಮೊದಲು ಗೇಣಗಲದ ಒಂದು ಜಾಗದಲ್ಲಿ ಪರೀಕ್ಷಿಸಿ, ಅದರಿಂದ ಆಗದಿದ್ದರೆ ಮಾತ್ರ ಒರಟಾದುದಕ್ಕೆ ಹೋಗತಕ್ಕದ್ದು. ಒರಟಾದುದನ್ನು ಬಳಸಿದರೆ ಕೊನೆಗೆ ಮತ್ತೆ ಮೃದುವಾದುದಕ್ಕೆ ಇಳಿದು ಮುಗಿಸಬೇಕು.

ಇದರ ತತ್ತ್ವ ಹೊಸದೇನಲ್ಲ. ಹಳೇಬೀಡಿನ ದೇವಾಲಯದಲ್ಲಿ ತಿರುಗಣೆಗೆ ಕೊಟ್ಟು ಕಡೆದ ಕಂಬಗಳ ಮುಂದೆ ನಿಂತವರಿಗೆ ಕರಿಯ ಕಲ್ಲು ಎಷ್ಟು ಹೊಳೆಯಬಲ್ಲದೆಂಬುದು ಗೊತ್ತು. ಕಲ್ಲಿಗಾಗಲಿ ಕಾರಿಗಾಗಲಿ ಮೆರುಗೆಂಬುದು ಹೊರಗಿನಿಂದ ಹಚ್ಚುವ ವಸ್ತುವಲ್ಲ. ದೊಡ್ಡ ಗೀರನ್ನು ಸಣ್ಣ ಗೀರಿನಿಂದಲೂ, ಸಣ್ಣದನ್ನು ಇನ್ನೂ ಸಣ್ಣದರಿಂದಲೂ ಸವೆಸುತ್ತಾ ಹೋಗಿ, ಕೊನೆಯ ಗೀರು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗುವುದೇ ಮೆರುಗು. ವ್ಯತ್ಯಾಸವೆಂದರೆ, ಶಿಲ್ಪಿಗೆ ಕಂಬದಲ್ಲಿ ಮೊಳಗಟ್ಟಲೆ ಕಲ್ಲಿತ್ತು. ನಮ್ಮ ಪತ್ರಲೇಖಕರಿಗಿರುವುದು 40–50 ಮೈಕ್ರಾನು. ಪ್ರತಿಯೊಂದು ಬಾರಿ ಯಂತ್ರ ಹಿಡಿದಾಗಲೂ ಅದರಲ್ಲಿ ಒಂದೆರಡು ಮೈಕ್ರಾನು ಹೋಗುತ್ತದೆ. ಒರಟು ಲೇಹವಾದರೆ ಇನ್ನೂ ಹೆಚ್ಚು. ಬಣ್ಣವನ್ನು ಸೂರ್ಯನ ಅತಿನೇರಳೆ ಕಿರಣಗಳಿಂದ ಕಾಯುವುದೂ ಈ ಲೇಪವೇ. ಅದು ತೀರಾ ತೆಳುವಾದ ಮೇಲೆ ಬಿಸಿಲಿಗೆ ಸೋತು ಮಂಕಾಗಿ ಸಿಪ್ಪೆ ಏಳುತ್ತದೆ. ಹಾಗಾದ ಮೇಲೆ ಮೆರುಗಿನವನಿಂದ ಏನೂ ಆಗದು, ಬಣ್ಣದವನಲ್ಲಿಗೇ ಹೋಗಬೇಕು. ಆದುದರಿಂದ ಪ್ರತಿ ದೀಪಾವಳಿಗೂ ಯಂತ್ರದ ಮೆರುಗು ಕೊಡಿಸುತ್ತೇವೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಸಜ್ಜನರು ಬಡ್ಡಿಯನ್ನಲ್ಲ, ಅಸಲನ್ನೇ ಖರ್ಚು ಮಾಡುತ್ತಿದ್ದಾರೆ.

ನಾವು ಕೂಡ ಇದನ್ನು ಪೆಟ್ಟು ತಿಂದೇ ಕಲಿತೆವು. ನಮ್ಮ ಕಾರ್ಯಾಲಯದ ಕಪ್ಪು ಕಾರನ್ನು ಒಮ್ಮೆ ಒಂದು ಅಂಗಡಿಗೆ ಒಪ್ಪಿಸಿದ್ದೆವು. ಸಂಜೆ ದೀಪದ ಕೆಳಗೆ ಅದು ಕನ್ನಡಿಯಂತಿತ್ತು. ಕೇಳಿದಷ್ಟು ಹಣವನ್ನು ಸಂತೋಷದಿಂದಲೇ ಕೊಟ್ಟು ಬಂದೆವು. ಎರಡು ಬಾರಿ ತೊಳೆದ ಮೇಲೆ ಹಳೆಯ ಗೀರುಗಳೆಲ್ಲ ಮರಳಿದವು. ಅವುಗಳ ಜೊತೆಗೆ ಯಂತ್ರದ ಬಿಲ್ಲೆ ಓಡಾಡಿದ ಹಾದಿಯು ಕಾಮನಬಿಲ್ಲಿನ ಛಾಯೆಯಾಗಿ ಬಿಸಿಲಿನಲ್ಲಿ ತೇಲತೊಡಗಿತು. ಲೇಹದಲ್ಲಿದ್ದ ಎಣ್ಣೆಯಂಶವು ಗೀರುಗಳ ಒಳಗೆ ತುಂಬಿಕೊಂಡು ಆ ಸಂಜೆಯ ಮಟ್ಟಿಗೆ ಅವನ್ನು ಮರೆಮಾಡಿತ್ತು, ಅಷ್ಟೆ. ಆದ್ದರಿಂದ ಕೆಲಸ ಮುಗಿದೊಡನೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒಂದು ಭಾಗವನ್ನು ಒರೆಸಿಸಿ, ಕಾರನ್ನು ಬಿಸಿಲಿಗೆ ತಂದು ನೋಡಿ, ಆಮೇಲೆ ಹಣವನ್ನು ಎಣಿಸತಕ್ಕದ್ದೆಂದು ವಾಚಕರಿಗೆ ಹೇಳುತ್ತೇವೆ. ಲೇಪದ ದಪ್ಪವನ್ನು ಅಳೆಯುವ ಸಣ್ಣ ಉಪಕರಣವುಂಟು. ಅದನ್ನಿಟ್ಟುಕೊಳ್ಳದ ಅಂಗಡಿಗೆ ಕಪ್ಪು ಕಾರನ್ನು ಕೊಡದಿರುವುದೇ ಲೇಸು.

ಸಿರಾಮಿಕ್ ಲೇಪದ ಮಾತನ್ನೂ ಪತ್ರಲೇಖಕರು ಎತ್ತಿದ್ದಾರೆ. ಅದನ್ನು ಹಚ್ಚಿದರೆ ನೀರು ಹನಿಹನಿಯಾಗಿ ಜಾರುವುದು, ಕೊಳೆ ಸುಲಭವಾಗಿ ಬಿಡುವುದು, ಮೇಣಕ್ಕಿಂತ ಹೆಚ್ಚು ಕಾಲ ಬಾಳುವುದು — ಇವೆಲ್ಲ ನಿಜವೇ. ಆದರೆ ಮಾರಾಟಗಾರರು ಸಾರುವ 9ಎಚ್ ಎಂಬ ಅಂಕವು ಪೆನ್ಸಿಲಿನ ಮೊನೆಯಿಂದ ಗೀರಿ ನೋಡುವ ಪರೀಕ್ಷೆಯದು, ಬೆಣಚುಕಲ್ಲಿನ ಮಾನದ್ದಲ್ಲ. ಪೆನ್ಸಿಲನ್ನು ತಡೆದ ಲೇಪವು ಅರಾವಳಿಯ ಮರಳನ್ನು ತಡೆಯುವುದೆಂದು ನಂಬಿ ಸಾವಿರಾರು ರೂಪಾಯಿ ಸುರಿಯುವುದು ಬೇಡ. ಗೀರುಗಳನ್ನು ತೆಗೆಯದೆ ಅದನ್ನು ಹಚ್ಚಿದರಂತೂ ಗೀರುಗಳಿಗೆ ಗಾಜು ಹಾಕಿಸಿ ಚೌಕಟ್ಟು ಕಟ್ಟಿಸಿದಂತೆ.

ಈಗ ಆ ಯುವಕನ ವಿಷಯ. ನಾವು ಹೋದಾಗ ಬೆಳಗಿನ 5 ಗಂಟೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ಬಿಹಾರದಿಂದ ಬಂದ ಹುಡುಗ. 8 ಗಂಟೆಗೆ ಮೊದಲು 26 ಕಾರುಗಳನ್ನು ಮುಗಿಸಬೇಕು. 180 ನಿಮಿಷಗಳಿಗೆ 26 ಕಾರುಗಳೆಂದರೆ ಒಂದಕ್ಕೆ ಪೂರ್ತಿ 7 ನಿಮಿಷಗಳೂ ದೊರೆಯುವುದಿಲ್ಲ. ಕಾರೊಂದಕ್ಕೆ ತಿಂಗಳಿಗೆ 500 ರೂಪಾಯಿ. ಸಂಘವು ಅವನಿಗೆ ತೋರಿಸಿರುವುದು ಒಂದು ನಲ್ಲಿ. ಅದರಲ್ಲಿ ನೀರು ಬರುವ ಹೊತ್ತು ಅವನ ಹೊತ್ತಿಗೆ ಹೊಂದುವುದಿಲ್ಲ. ಕೈಯಲ್ಲಿ ಒಂದು ಬಕೆಟು, ಎರಡು ಚಿಂದಿ. ಒಂದು ಯಾವುದೋ ಮನೆಯ ಹಳೆಯ ಬನಿಯನ್ನು. ಹತ್ತನೆಯ ಕಾರಿನ ಹೊತ್ತಿಗೆ ಬಕೆಟಿನ ತಳದಲ್ಲಿ ಬೆರಳ ಗೆಣ್ಣಿನಷ್ಟು ಮರಳು ಕೂತಿತ್ತು. ಹನ್ನೊಂದನೆಯದಕ್ಕೂ ಅದೇ ನೀರು. ಬಟ್ಟೆ ಒದ್ದೆಯಾಗಿದೆಯಲ್ಲ, ಗೀರು ಏಕೆ ಬೀಳುತ್ತದೆಂದು ಅವನು ನಮ್ಮನ್ನೇ ಕೇಳಿದನು. ಬಕೆಟಿನೊಳಗೆ ಕೈ ಹಾಕಿ ತಳದ ಮರಳನ್ನು ಅವನ ಅಂಗೈಗೆ ಹಾಕಿದೆವು. ಅವನು ಅದನ್ನು ಎರಡು ಬೆರಳಿನಲ್ಲಿ ತಿಕ್ಕಿ ನೋಡಿ, ಏನೂ ಹೇಳದೆ ಬಕೆಟನ್ನು ಬಗ್ಗಿಸಿ ಚೆಲ್ಲಿದನು. ಮತ್ತೆ ತುಂಬಿಸಲು ನಲ್ಲಿಗೆ ಹೋದರೆ ನೀರಿರಲಿಲ್ಲ.

ಈ ಏರ್ಪಾಟನ್ನು ಮಾಡಿದವರು ಯಾರು? 500 ರೂಪಾಯಿಗೆ ಪ್ರತಿದಿನವೂ ಕಾರು ಒರೆಸಬೇಕೆಂದು ಕೇಳಿದವರು ನಿವಾಸಿಗಳು. ಒರೆಸದ ದಿನ ಸಂಬಳ ಮುರಿದುಕೊಂಡವರೂ ಅವರೇ. ಕಾರಿನ ಮೇಲಣ ಪ್ರತಿಯೊಂದು ಸುಳಿಯೂ ಆ ಹುಡುಗನ ಕೈಯದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಕೈಯನ್ನು ಹಾಗೆ ಸುತ್ತಿಸಿದ್ದು ಸಂಘದ ಕರಾರು. ಅವನನ್ನು ಕಳುಹಿಸಿ ಮತ್ತೊಬ್ಬನನ್ನು ಅದೇ ಬಕೆಟಿನೊಡನೆ ನಿಲ್ಲಿಸಿದರೆ ಗೀರು ಬೀಳುವುದು ನಿಲ್ಲುತ್ತದೆಯೆ? ಕೆಲಸವನ್ನರಸಿ ಊರು ಬಿಟ್ಟು ಬಂದವರ ಮಕ್ಕಳು ನಾವು. ನಮ್ಮ ತಂದೆಯಂದಿರು ಕರೋಲ್ ಬಾಗಿನ ಒಂದು ಕೋಣೆಯಲ್ಲಿ ನಾಲ್ವರಾಗಿ ಮಲಗಿ, ಪರರ ಭಾಷೆಯಲ್ಲಿ ತಪ್ಪು ಹೊತ್ತುಕೊಂಡ ಕತೆಗಳು ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಇವೆ.

ನೀರೇ ಇಲ್ಲದ ಊರಿನಲ್ಲಿ ಕಾರು ತೊಳೆಯುವ ಚರ್ಚೆ ಏಕೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. 2024ರ ಮಾರ್ಚಿಯಲ್ಲಿ ನಮ್ಮ ಬೆಂಗಳೂರಿನಲ್ಲಿ ಜಲಮಂಡಲಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು ವಿಧಿಸಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ದೆಹಲಿ ಸರ್ಕಾರವೂ ಕೊಳವೆ ಹಿಡಿದು ಕಾರು ತೊಳೆಯುವವರಿಗೆ 2,000 ರೂಪಾಯಿ ದಂಡವೆಂದು ಸಾರಿತು. ವಸಂತ್ ಕುಂಜ್ ಆದರೋ ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವುದಕ್ಕೆ ಹೆಸರಾದ ಬಡಾವಣೆ. ಆದರೆ ಗೀರು ಬೀಳದಂತೆ ತೊಳೆಯುವುದಕ್ಕೆ ಕೊಳವೆಯೇ ಬೇಕಿಲ್ಲ. ಎರಡು ಬಕೆಟುಗಳು ಸಾಕು: ಒಂದರಲ್ಲಿ ಕಾರಿನ ಶ್ಯಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬಟ್ಟೆಯ ಮರಳನ್ನು ಬಿಡಿಸುವುದಕ್ಕೆ ಬರಿಯ ನೀರು, ಅದರ ತಳದಲ್ಲಿ ಒಂದು ಜಾಲರಿ. ಮೊದಲು ಕೈಪಂಪಿನಿಂದ ನೀರು ಸಿಂಪಡಿಸಿ ಧೂಳನ್ನು ಜಾರಿಸಬೇಕು. ಮೈಕ್ರೋಫೈಬರ್ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ, ನೇರವಾಗಿ, ಒತ್ತದೆ ಎಳೆಯಬೇಕು. ಚಕ್ರಗಳಿಗೆ ಬೇರೆ ಬಟ್ಟೆ. ಆ ಬಡಾವಣೆಯ ಕೊಳವೆಬಾವಿಯ ನೀರು ಗಡಸಾದುದರಿಂದ ನೆರಳಿನಲ್ಲಿಯೇ ತೊಳೆದು, ಒಣಗುವ ಮೊದಲೇ ಬಟ್ಟೆಯನ್ನು ಹಾಸಿ ನೀರನ್ನು ಹೀರಿಸಬೇಕು. ಇಲ್ಲವಾದರೆ ಕಪ್ಪಿನ ಮೇಲೆ ಸುಣ್ಣದ ಬಿಳಿಯ ಚುಕ್ಕೆಗಳು ಉಳಿಯುತ್ತವೆ. ಪಾತ್ರೆ ತೊಳೆಯುವ ಪುಡಿಯನ್ನು ಹತ್ತಿರಕ್ಕೂ ತರಬಾರದು. ಮೊದಲು ತೊಯಿಸಿ ಆಮೇಲೆ ಜಾಲಾಡುವ ಅಗತ್ಯವಿಲ್ಲದೆ, ಒಂದೇ ಬಕೆಟಿನಲ್ಲಿ ಮುಗಿಸುವಂಥ ದ್ರವಗಳೂ ಈಗ ದೊರೆಯುತ್ತವೆ. ಕಾರಿನ ಮೇಲೆ ಧೂಳು ಗಟ್ಟಿಯಾಗಿ ಕೂರದಿರುವ ದಿನಗಳಿಗೆ ಅವು ಅನುಕೂಲ.

ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿದಿನ ಒರೆಸುವುದನ್ನು ನಿಲ್ಲಿಸಬೇಕು. ಧೂಳು ತಾನಾಗಿ ಕೂತಿದ್ದರೆ ಕಾರಿಗೆ ಕೇಡಿಲ್ಲ. ನಾವು ಕೈ ಇಟ್ಟಾಗಲೇ ಅದು ಉಳಿಯಾಗುವುದು. ಹಕ್ಕಿಯ ಹಿಕ್ಕೆಯನ್ನು ಮಾತ್ರ ಆಗಿಂದಾಗಲೇ ನೆನೆಸಿ ತೆಗೆಯಬೇಕು.

ಆದುದರಿಂದ ಪತ್ರಲೇಖಕರು ಸಭೆಯಲ್ಲಿ ಮಂಡಿಸಬಹುದಾದ ಸಲಹೆಯನ್ನು ಇಲ್ಲಿ ಬರೆದಿದ್ದೇವೆ. ಆ ಯುವಕನನ್ನು ಉಳಿಸಿಕೊಳ್ಳಲಿ. ದಿನಕ್ಕೆ 26 ಕಾರುಗಳ ಬದಲು ಪ್ರತಿಯೊಂದು ಕಾರನ್ನೂ ವಾರಕ್ಕೊಮ್ಮೆ ತೊಳೆಯುವಂತೆ ದಿನಕ್ಕೆ ನಾಲ್ಕೈದನ್ನು ಹಂಚಿಕೊಡಲಿ. ಆಗ ಒಂದೊಂದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸಿಗುತ್ತದೆ. ಸಂಬಳದಲ್ಲಿ ಒಂದು ಕಾಸೂ ಕಡಿಮೆಯಾಗಬಾರದು. ನೀರಿನ ಒಟ್ಟು ಖರ್ಚೂ ಹೆಚ್ಚಲಾರದು. ಬಕೆಟು, ಪಂಪು, ಬಟ್ಟೆ, ಶ್ಯಾಂಪೂ ಇವುಗಳ ವೆಚ್ಚವನ್ನು 26 ಮನೆಗಳು ಹಂಚಿಕೊಂಡರೆ ಒಂದು ಮೆರುಗಿನಂಗಡಿಯ ಮುಂಗಡಕ್ಕೂ ಸಮವಾಗದು. ಇದಾದ ಮೇಲೆ, ಇದಕ್ಕೆ ಮೊದಲಲ್ಲ, ಅವರು ತಮ್ಮ ಕಾರಿಗೆ ಒಮ್ಮೆ ಮೃದುವಾದ ಲೇಹದಿಂದ ಮೆರುಗು ಕೊಡಿಸಿ ಮೇಣವನ್ನು ಹಚ್ಚಿಸಲಿ. ಆಳವಾದ ನಾಲ್ಕು ಗೀರುಗಳು ಉಳಿದರೆ ಉಳಿಯಲಿ.

ಸಂಘದ ಸಭೆಯು ಬರುವ ಭಾನುವಾರ ಸೇರಲಿದೆ ಎಂದು ಪತ್ರದಲ್ಲಿದೆ. ಆ ಬಡಾವಣೆಯಲ್ಲಿರುವ ಇತರ ಕನ್ನಡಿಗರೂ ಅಂದು ಹಾಜರಿರಬೇಕೆಂದು ಕೋರುತ್ತೇವೆ.