ನಮ್ಮ ಕಾವಲು ನಾಯಿಗೆ ಹೊಸ ಪಾಠ

“ಸಾರ್, ರೋಗಿಯ ರಕ್ತದಿಂದಲೇ ಕ್ಯಾನ್ಸರಿಗೆ ಔಷಧಿ ಮಾಡ್ತಾರಂತೆ. ನಮ್ಮ ಅಜ್ಜನಿಗೂ ಆಗ್ತದಾ?” ಕೊಪ್ಪದ ಹತ್ತನೇ ತರಗತಿಯ ಹುಡುಗನೊಬ್ಬ ಕೇಳಿದ. ಅಜ್ಜನಿಗೆ ಬಾಯಿಯ ಕ್ಯಾನ್ಸರ್.

ವಿದ್ಯಾರ್ಥಿಗಳೇ, ನಮ್ಮ ಬಿಳಿ ರಕ್ತಕಣಗಳಲ್ಲಿ ಟಿ-ಕೋಶಗಳೆಂಬ ಕಾವಲು ಪಡೆಯಿದೆ. ಮನೆಯ ನಾಯಿ ಹೊರಗಿನ ಕಳ್ಳನಿಗೆ ಬೊಗಳುತ್ತದೆ. ಮನೆಯವನೇ ಕದ್ದರೆ ಸುಮ್ಮನಿರುತ್ತದೆ. ಕ್ಯಾನ್ಸರ್ ಹುಟ್ಟುವುದು ನಮ್ಮದೇ ಜೀವಕೋಶದಿಂದ. ಹಾಗಾಗಿ ಅದು ಅನೇಕ ಬಾರಿ ಕಾವಲನ್ನು ತಪ್ಪಿಸಿಕೊಳ್ಳುತ್ತದೆ.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ಹೀಗಿದೆ. ರೋಗಿಯ ರಕ್ತದಿಂದ ಟಿ-ಕೋಶಗಳನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಅವಕ್ಕೆ ಹೊಸ ಜೀನ್ ಸೇರಿಸುತ್ತಾರೆ. ಆಗ ಅವುಗಳ ಮೇಲ್ಮೈಯಲ್ಲಿ ‘ಸಿಡಿ-19’ ಎಂಬ ಪ್ರೋಟೀನನ್ನು ಗುರುತಿಸುವ ಕೊಕ್ಕೆ ಮೂಡುತ್ತದೆ. ಅವನ್ನು ಕೋಟಿಗಟ್ಟಲೆ ಬೆಳೆಸಿ ಮರಳಿ ರಕ್ತಕ್ಕೆ ಬಿಡುತ್ತಾರೆ. ಇದೇ ಕಾರ್-ಟಿ ಚಿಕಿತ್ಸೆ.

ಅಮೆರಿಕ 2017ರಲ್ಲಿ ಇದಕ್ಕೆ ಒಪ್ಪಿಗೆ ನೀಡಿತು. ಮುಂಬೈಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಶ್ರಮದಿಂದ ರೂಪುಗೊಂಡ ‘ನೆಕ್ಸ್‌ಕಾರ್19’ಗೆ 2023ರಲ್ಲಿ ನಮ್ಮ ದೇಶದಲ್ಲಿ ಅನುಮತಿ ದೊರೆಯಿತು. 2025ರಲ್ಲಿ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯ ‘ಕಾರ್ಟೆಮಿ’ ಬಂತು. ಅಮೆರಿಕಕ್ಕಿಂತ ಅಗ್ಗವಾದರೂ ಖರ್ಚು ಹತ್ತಾರು ಲಕ್ಷ ರೂಪಾಯಿ.

ಹಾಗಾದರೆ ಅಜ್ಜನಿಗೆ? ಸಿಡಿ-19 ಇರುವುದು ರಕ್ತದ ಬಿ-ಕೋಶಗಳ ಮೇಲೆ. ಆದ್ದರಿಂದ ಈ ಔಷಧಿಗಳು ಬಿ-ಕೋಶಗಳಲ್ಲಿ ಹುಟ್ಟುವ ಕೆಲವು ರಕ್ತ ಕ್ಯಾನ್ಸರುಗಳಿಗೆ ಮಾತ್ರ, ಅದೂ ಸಾಮಾನ್ಯವಾಗಿ ಬೇರೆ ಚಿಕಿತ್ಸೆ ಫಲಿಸದಿದ್ದಾಗ. ಎಲ್ಲರಿಗೂ ಗುಣವಾಗುವುದಿಲ್ಲ. ಒಳ್ಳೆಯ ಬಿ-ಕೋಶಗಳೂ ನಾಶವಾಗುತ್ತವೆ. ಆದರೆ ಅವಿಲ್ಲದೆಯೂ ಎಚ್ಚರಿಕೆಯಿಂದ ಬದುಕಬಹುದು. ಬಾಯಿಯ ಗಡ್ಡೆಯ ಗುರುತುಗಳೋ ಆರೋಗ್ಯವಂತ ಚರ್ಮದಲ್ಲೂ ಇರುತ್ತವೆ. ಅವನ್ನು ತೋರಿಸಿ ನಾಯಿ ಛೂ ಬಿಟ್ಟರೆ ಮನೆಮಂದಿಯನ್ನೇ ಕಚ್ಚೀತು! ಸಂಶೋಧನೆ ನಡೆದಿದೆ. ಅಜ್ಜನಿಗೆ ಈಗಿರುವ ದಾರಿ ಮುಖ್ಯವಾಗಿ ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಔಷಧಿ. ಕಾರ್-ಟಿಗೆಂದು ತೋಟ ಅಡವಿಡಬೇಡಿ ಎಂದು ಹುಡುಗನ ತಂದೆಗೆ ಹೇಳಿಕಳಿಸಿದೆ.

ಪೋಷಕರೇ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮಗೆ ಅಡಿಕೆಯೇ ಅನ್ನ. ಆದರೂ ಸತ್ಯ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಹೆಸರಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು.

ಮಕ್ಕಳೇ, ಈ ವಾರದ ಮನೆಗೆಲಸ: ಕವಳ ಹಾಕುವ ಹಿರಿಯರ ಬಾಯಿಯನ್ನು ಟಾರ್ಚ್ ಹಿಡಿದು ನೋಡಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ? ಬಾಯಿ ತೆರೆಯಲು ಕಷ್ಟವೇ? ಇದ್ದರೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಬೇಗ ಕಂಡ ಬಾಯಿಯ ಕ್ಯಾನ್ಸರ್ ಗುಣವಾಗುವ ಸಂಭವ ಹೆಚ್ಚು.